ಹಳೆಯ ದನಿ, ಹೊಸ ಆಲ್ಬಂ: ಅಭಿಮಾನಿಗಳ ಜಗಳ ಹುಟ್ಟುವುದು ಎಲ್ಲಿ?

ಹತ್ತೋ ಇಪ್ಪತ್ತೋ ವರ್ಷ ಹೊಸ ಹಾಡಿಲ್ಲದೆ ಕಳೆದ ರಾಕ್ ಸಂಗೀತಗಾರರೊಬ್ಬರು ಮತ್ತೆ ಆಲ್ಬಂ ತಂದ ದಿನ ಅಭಿಮಾನಿಗಳ ಬಾಯಲ್ಲಿ ಕೇಳಿಬರುವ ಮಾತುಗಳು ಹೆಚ್ಚೂಕಡಿಮೆ ಒಂದೇ. ‘ಅದೇ ಹಳೇ ಖದರು’ ಎಂದು ಒಬ್ಬರು ಕುಣಿದಾಡುತ್ತಾರೆ. ‘ದನಿಯೇ ಹೋಗಿದೆ’ ಎಂದು ಇನ್ನೊಬ್ಬರು ಮರುಗುತ್ತಾರೆ. ‘ಆ ಡ್ರಮ್ಮರ್ ಇಲ್ಲದ ಮೇಲೆ ಇದು ಆ ಬ್ಯಾಂಡೇ ಅಲ್ಲ’ ಎನ್ನುವವರಿದ್ದಾರೆ. ‘ಹಾಡು ಚೆನ್ನಾಗಿದೆ, ಆದರೆ ಪೂರ್ತಿ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ’ ಎನ್ನುವವರೂ ಇದ್ದಾರೆ.

ಇವೆಲ್ಲ ಒಂದೇ ಆಲ್ಬಮ್ಮಿನ ಬಗ್ಗೆ ಆಡಿದ ಮಾತಾದರೂ ಒಂದೇ ವಿಷಯದ ಬಗ್ಗೆ ಆಡಿದ್ದಲ್ಲ. ಒಬ್ಬರು ಹಾಡಿನ ಕಟ್ಟಣೆ ನೋಡುತ್ತಿದ್ದಾರೆ, ಮತ್ತೊಬ್ಬರು ಶಾರೀರ ನೋಡುತ್ತಿದ್ದಾರೆ, ಮೂರನೆಯವರು ನುಡಿಸಿದವರು ಯಾರೆಂದು ಹುಡುಕುತ್ತಿದ್ದಾರೆ, ನಾಲ್ಕನೆಯವರ ತಕರಾರು ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯದಾಗಿ ಹದಗೊಳಿಸುವುದು) ಕೋಣೆಯಲ್ಲಿ ಆದ ಕೆಲಸದ ಮೇಲೆ. ಈ ಪದರಗಳನ್ನು ಬಿಡಿಸದೆ ವಾದಿಸಿದರೆ ‘ನಿಮಗೆ ಅಭಿಮಾನವೇ ಇಲ್ಲ’, ‘ನಿಮಗೆ ಕಿವಿಯೇ ಇಲ್ಲ’ ಎನ್ನುವಲ್ಲಿಗೆ ಮುಟ್ಟುತ್ತದೆ. ಬಿಡಿಸಿ ನೋಡಿದರೆ ಎರಡೂ ಕಡೆಯವರು ಬಹುಪಾಲು ಸರಿಯಾಗಿಯೇ ಕೇಳಿಸಿಕೊಂಡಿರುತ್ತಾರೆ. ನನ್ನ ಅಂದಾಜಿನಲ್ಲಿ ಇಂಥ ಆಲ್ಬಂಗಳ ಬಗ್ಗೆ ಏಳುವ ಅಸಮಾಧಾನದ ದೊಡ್ಡ ಪಾಲು ಹುಟ್ಟುವುದು ಹಾಡು ಬರೆದು ಮುಗಿದ ಮೇಲೆ.

ಈ ಚರ್ಚೆಗೆ ಈಚೆಗೆ ಬಿಡುವೇ ಇಲ್ಲ. ರೋಲಿಂಗ್ ಸ್ಟೋನ್ಸ್ 2005ರ ನಂತರ ಸ್ವಂತ ಹಾಡುಗಳ ಮೊದಲ ಆಲ್ಬಂ ‘ಹ್ಯಾಕ್ನಿ ಡೈಮಂಡ್ಸ್’ ತಂದದ್ದು 2023ರ ಅಕ್ಟೋಬರಿನಲ್ಲಿ. ಆಗ ಗಾಯಕ ಮಿಕ್ ಜ್ಯಾಗರ್‌ಗೆ 80. ಪೀಟರ್ ಗೇಬ್ರಿಯಲ್ 2002ರ ಬಳಿಕ ಹೊಸ ಹಾಡುಗಳ ‘ಐ/ಓ’ ತಂದದ್ದು 2023ರ ಡಿಸೆಂಬರ್ 1ರಂದು. ದಿ ಕ್ಯೂರ್ 16 ವರ್ಷಗಳ ಅಂತರದ ಮೇಲೆ 2024ರ ನವೆಂಬರ್ 1ರಂದು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಬಿಡುಗಡೆ ಮಾಡಿತು. ಮೂರಕ್ಕೂ ಒಳ್ಳೆಯ ಸ್ವಾಗತ ಸಿಕ್ಕಿತು, ಮೂರರ ಬಗ್ಗೆಯೂ ಅಭಿಮಾನಿಗಳು ಕಿತ್ತಾಡಿದರು. ಆದರೆ ಪದರಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು 2008ರ ಕೊನೆಯ ನಾಲ್ಕು ತಿಂಗಳು.

ಒಂದೇ ವರ್ಷ, ಎರಡು ಆಲ್ಬಂ, ತಿರುಗುಮುರುಗು ದೂರು

ಆ ಸೆಪ್ಟೆಂಬರಿನಲ್ಲಿ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಬಂತು. ಬ್ಯಾಂಡು ಎಲ್ಲಿಗೂ ಹೋಗಿರಲಿಲ್ಲ, ಆದರೆ ಎಂಬತ್ತರ ದಶಕದ ತನ್ನ ಶೈಲಿಗೆ ಮರಳಿತು ಎಂಬ ಅರ್ಥದಲ್ಲಿ ಅದು ಪುನರಾಗಮನವೇ. ಉದ್ದದ ಹಾಡುಗಳು, ವೇಗದ ರಿಫ್‌ಗಳು (ಮತ್ತೆಮತ್ತೆ ಬರುವ ಗಿಟಾರ್ ತುಣುಕುಗಳು), ಮತ್ತೆ ಸೋಲೋಗಳು. ಹಾಡುಗಳ ಬಗ್ಗೆ ಹಳೆಯ ಅಭಿಮಾನಿಗಳಿಗೆ ಖುಷಿಯಿತ್ತು. ಸಿಟ್ಟು ಬಂದದ್ದು ಸದ್ದಿನ ಮೇಲೆ. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೊ ಆಟದಲ್ಲೂ ಬಂದಿದ್ದವು. ಆಟದ ಧ್ವನಿ ಸಿ.ಡಿ.ಗಿಂತ ಎಷ್ಟೋ ಬಿಡುಬೀಸಾಗಿದೆ ಎಂದು ಕೇಳುಗರೇ ಪತ್ತೆಹಚ್ಚಿದರು. ಕಾರಣ ಸರಳ: ಆಟಕ್ಕೆ ಗಿಟಾರ್, ಬೇಸ್, ಡ್ರಮ್ಸ್ ಬೇರೆಬೇರೆ ಟ್ರ್ಯಾಕ್‌ಗಳಾಗಿ ಬೇಕು. ಹಾಗಾಗಿ ಜೋರಾಗಿಸಲೆಂದು ಎಲ್ಲವನ್ನೂ ಒಟ್ಟಿಗೆ ಹಿಂಡುವ ಕೊನೆಯ ಹಂತ ಆ ಪ್ರತಿಗೆ ತಾಗಿರಲಿಲ್ಲ. ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ಅಥವಾ ಮಾಸ್ಟರ್ ಮಾಡಿಕೊಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವಾಗಲೇ ಮಿಕ್ಸ್ ಪೂರ್ತಿ ಹಿಂಡಿಹೋಗಿತ್ತು ಎಂದು ತಿಳಿಸಿದರು.

ಎರಡು ತಿಂಗಳ ನಂತರ, ನವೆಂಬರಿನಲ್ಲಿ, ಗನ್ಸ್ ಎನ್ ರೋಸಸ್‌ನ ‘ಚೈನೀಸ್ ಡೆಮಾಕ್ರಸಿ’ ಬಂತು. 1991ರ ಜೋಡಿ ಆಲ್ಬಂಗಳ ಬಳಿಕ ಸ್ವಂತ ಹಾಡುಗಳ ಮೊದಲ ಆಲ್ಬಂ ಅದು. ಮಾಸ್ಟರಿಂಗ್ ಮಾಡಿದ ಬಾಬ್ ಲಡ್ವಿಗ್ ಬೇರೆಬೇರೆ ಮಟ್ಟಕ್ಕೆ ಹಿಂಡಿದ ಪ್ರತಿಗಳನ್ನು ಮುಂದಿಟ್ಟಾಗ ಗಾಯಕ ಆಕ್ಸಲ್ ರೋಸ್ ಮತ್ತು ಸಹನಿರ್ಮಾಪಕ ಕ್ಯಾರಮ್ ಕೊಸ್ಟಾಂಜೊ ಏರಿಳಿತ ಉಳಿಸಿಕೊಂಡ ಪ್ರತಿಯನ್ನೇ ಆರಿಸಿದರು. ಧ್ವನಿಯ ಬಗ್ಗೆ ಕಾಳಜಿಯಿದ್ದವರು ಮೆಚ್ಚಿಕೊಂಡರು. ಆದರೆ ಸ್ಲ್ಯಾಷ್ ಇಲ್ಲ, ಡಫ್ ಮೆಕೇಗನ್ ಇಲ್ಲ, ಇಜ್ಜಿ ಸ್ಟ್ರ್ಯಾಡ್ಲಿನ್ ಇಲ್ಲ. ಮೊದಲ ಆಲ್ಬಂ ಮಾಡಿದವರಲ್ಲಿ ಉಳಿದದ್ದು ರೋಸ್ ಒಬ್ಬರೇ. ಕೀಬೋರ್ಡ್ ನುಡಿಸುವ ಡಿಜ್ಜಿ ರೀಡ್ ಸೇರಿದ್ದೇ 1990ರಲ್ಲಿ. ವರ್ಷಗಟ್ಟಲೆ ಒಂದರ ಮೇಲೊಂದು ಪೇರಿಸಿದ ಗಿಟಾರ್ ಪದರಗಳ ನಡುವೆ ಐದು ಜನ ಒಂದು ಕೋಣೆಯಲ್ಲಿ ನಿಂತು ನುಡಿಸಿದ ಭಾವ ಉಳಿದಿಲ್ಲ ಎಂಬುದು ದೊಡ್ಡ ದೂರಾಯಿತು.

ಒಂದರಲ್ಲಿ ಬ್ಯಾಂಡು ಸರಿ, ಸದ್ದು ತಪ್ಪು. ಇನ್ನೊಂದರಲ್ಲಿ ಸದ್ದು ಸರಿ, ಬ್ಯಾಂಡು ಎಲ್ಲಿ ಎಂಬ ಪ್ರಶ್ನೆ. ಎರಡಕ್ಕೂ ‘ಮಿಶ್ರ ಪ್ರತಿಕ್ರಿಯೆ’ ಎಂಬ ಒಂದೇ ಹಣೆಪಟ್ಟಿ ಅಂಟಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಹಿಂಡುವುದು ಎಂದರೇನು

ಡಿಜಿಟಲ್ ಧ್ವನಿಗೆ ಒಂದು ತಾರಸಿ ಇದೆ. ಅದನ್ನು ಸೊನ್ನೆ ಡೆಸಿಬೆಲ್ ಎಂದು ಗುರುತಿಸುತ್ತಾರೆ. ಅದರ ಮೇಲೆ ಜಾಗವೇ ಇಲ್ಲ. ಸ್ನೇರ್ ಡ್ರಮ್ಮಿಗೆ ಕೋಲು ಬಿದ್ದ ಕ್ಷಣ ಕೆಲವೇ ಮಿಲಿಸೆಕೆಂಡ್ ಕಾಲ ಧ್ವನಿ ಎತ್ತರಕ್ಕೆ ಚಿಮ್ಮುತ್ತದೆ, ಆಮೇಲೆ ತಟ್ಟನೆ ಇಳಿಯುತ್ತದೆ. ಇಡೀ ಹಾಡನ್ನು ಜೋರಾಗಿಸಬೇಕೆಂದರೆ ಈ ಚಿಮ್ಮುಗಳು ಅಡ್ಡ ಬರುತ್ತವೆ. ಆಗ ಲಿಮಿಟರ್ ಎಂಬ ಸಾಧನದಿಂದ ಅವುಗಳ ತಲೆ ತಗ್ಗಿಸಿ, ಉಳಿದದ್ದನ್ನೆಲ್ಲ ಮೇಲಕ್ಕೆ ತಳ್ಳುತ್ತಾರೆ. ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ, ಹಾಡಿಗೆ ಒಂದು ಬಿಗಿ ಬರುತ್ತದೆ. ಅಳತೆ ಮೀರಿದರೆ ಸ್ನೇರಿನ ‘ಚಟ್’ ಹೋಗಿ ‘ಪೊತ್’ ಉಳಿಯುತ್ತದೆ. ಇನ್ನೂ ತಳ್ಳಿದರೆ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಮೂಲದಲ್ಲಿ ಇರದ ಕರ್ಕಶ ಉಪಸ್ವರಗಳು ಅಲ್ಲಿ ಹೊಸದಾಗಿ ಹುಟ್ಟುತ್ತವೆ. ಮೂರನೇ ಹಾಡಿಗೇ ಕಿವಿ ದಣಿಯುವುದು ಇದರಿಂದ. ಎಲ್ಲವೂ ಒಂದೇ ಎತ್ತರದಲ್ಲಿ ಅರಚುತ್ತಿದ್ದರೆ ಮಿದುಳಿಗೆ ಬಿಡುವೆಲ್ಲಿ?

ಇದನ್ನು ಅಳೆಯಲು ಅಭಿಮಾನಿಗಳು ಸಾಮಾನ್ಯವಾಗಿ ಬಳಸುವುದು ಡಿಆರ್ ಎಂಬ ಅಂಕಿ: ಚಿಮ್ಮುವ ತುದಿಗೂ ಜೋರಾದ ಭಾಗಗಳ ಸರಾಸರಿಗೂ ಇರುವ ಅಂತರ. ಮೆಟಾಲಿಕಾದ 1986ರ ಆಲ್ಬಮ್ಮಿನ ಹಳೆಯ ಸಿ.ಡಿ.ಗೆ ಇದು 12ರ ಆಸುಪಾಸು. ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ.ಗೆ 3ರ ಆಸುಪಾಸು. ಪುನರಾಗಮನದ ಆಲ್ಬಂಗಳಿಗೆ ಈ ಪೆಟ್ಟು ಹೆಚ್ಚು ಬೀಳುವುದಕ್ಕೆ ಕಾರಣವಿದೆ. ಅಭಿಮಾನಿಯ ಕಿವಿಯಲ್ಲಿ ಉಳಿದಿರುವುದು 1970 ಅಥವಾ 80ರ ದಶಕದ ಮಾಸ್ಟರಿಂಗ್. ಆ ಕಾಲದ ಸದ್ದಿಗೆ ಒಗ್ಗಿದವರ ಮುಂದೆ ಇಂದಿನ ಪದ್ಧತಿಯಲ್ಲಿ ಹಿಂಡಿದ ಧ್ವನಿಯಿಟ್ಟರೆ, ಬ್ಯಾಂಡು ಅಕ್ಷರಶಃ ಹಿಂದಿನಂತೆಯೇ ನುಡಿಸಿದ್ದರೂ ‘ಏನೋ ಕೃತಕ’ ಎನಿಸುತ್ತದೆ. ಅದು ಏನೆಂದು ಹೆಸರಿಸಲಾಗದ ಕೇಳುಗರು ಹಾಡನ್ನೇ ದೂರುತ್ತಾರೆ.

ಬೇಸರದ ಸಂಗತಿಯೆಂದರೆ ಇಷ್ಟೆಲ್ಲ ಹಿಂಡಿ ಇಂದು ಸಿಗುವ ಲಾಭವೇನೂ ಇಲ್ಲ. ಸ್ಪಾಟಿಫೈ ಮೊದಲೇ ಹೊಂದಿಸಿದ ಸ್ಥಿತಿಯಲ್ಲಿ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ. ಆಪಲ್ ಮ್ಯೂಸಿಕ್‌ನಲ್ಲಿ ಸೌಂಡ್ ಚೆಕ್ ಚಾಲೂ ಇದ್ದರೆ ಸುಮಾರು ಮೈನಸ್ 16. ಮೈನಸ್ 7ಕ್ಕೆ ಹಿಂಡಿದ ಆಲ್ಬಮ್ಮನ್ನು ಸ್ಪಾಟಿಫೈನಲ್ಲಿ ಏಳು ಡೆಸಿಬೆಲ್ ಇಳಿಸಿಯೇ ನುಡಿಸುತ್ತಾರೆ. ಜೋರು ಹೋಯಿತು, ಚಪ್ಪಟೆಯಾದ ಸ್ನೇರ್ ಮಾತ್ರ ಚಪ್ಪಟೆಯಾಗಿಯೇ ಉಳಿಯಿತು. ಏರಿಳಿತ ಉಳಿಸಿಕೊಂಡ ಹಳೆಯ ಆಲ್ಬಂ ಅದೇ ಮಟ್ಟದಲ್ಲಿ ಪಕ್ಕಕ್ಕೆ ಬಂದಾಗ ಹಳೆಯದೇ ಹೆಚ್ಚು ಜೀವಂತವಾಗಿ ಕೇಳಿಸುತ್ತದೆ.

ಶಾರೀರ ಮತ್ತು ತಂತಿ

ದನಿಯ ವಿಚಾರಕ್ಕೆ ಬಂದರೆ, ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ವಯಸ್ಸಾದಂತೆ ಗಂಟಲಲ್ಲಿ ಆಗುವ ಬದಲಾವಣೆಗಳು ನಿರ್ದಿಷ್ಟವಾದವು. ಧ್ವನಿತಂತುಗಳ ಸ್ನಾಯು ತೆಳುವಾಗಿ, ಅವು ಕೂಡುವಾಗ ಮಧ್ಯದಲ್ಲಿ ಸಣ್ಣ ಸಂದಿ ಉಳಿಯುತ್ತದೆ. ಅಲ್ಲಿಂದ ಗಾಳಿ ಸೋರುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಡುಸಾಗುತ್ತದೆ. ಎದೆಗೂಡು ಮೊದಲಿನಷ್ಟು ಹಿಗ್ಗುವುದಿಲ್ಲ. ಇದರ ಫಲ ಹಾಡಿನಲ್ಲಿ ಹೀಗೆ ಕಾಣುತ್ತದೆ: ಮೊದಲು ಕೈಕೊಡುವುದು ತಾರಸ್ಥಾಯಿಯಲ್ಲಿ ಮೆಲ್ಲಗೆ ಹಾಡುವ ಶಕ್ತಿ. ಜೋರಾಗಿ ಕೂಗುವ ಎತ್ತರದ ಸ್ವರ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಯಾಕೆಂದರೆ ಉಸಿರಿನ ಒತ್ತಡದಿಂದ ಸಂದಿಯನ್ನು ಮರೆಸಬಹುದು. ಆಮೇಲೆ ಉದ್ದದ ಸಾಲುಗಳು ತುಂಡಾಗುತ್ತವೆ.

ಅನುಭವಿಗಳು ಇದಕ್ಕೆ ಹಾಡಿನ ರಚನೆಯಲ್ಲೇ ಉಪಾಯ ಹುಡುಕುತ್ತಾರೆ. ಸಾಲುಗಳನ್ನು ಗಿಡ್ಡವಾಗಿಸಿ ನಡುವೆ ಉಸಿರಿಗೆ ಜಾಗ ಬಿಡುವುದು, ರಾಗದ ಹರವನ್ನು ಒಂದು ಸ್ಥಾಯಿಯೊಳಗೆ ಇಡುವುದು, ಪಲ್ಲವಿಯ ಎತ್ತರದ ಸ್ವರಗಳನ್ನು ಸಹಗಾಯಕರಿಗೆ ಕೊಟ್ಟು ತಾನು ಕೆಳಗಿನ ಸಾಲು ಹಿಡಿಯುವುದು. ಇಲ್ಲವೇ ಶ್ರುತಿ ಇಳಿಸುವುದು. ಕೇಳಲು ಸುಲಭವೆನಿಸುವ ಈ ಕೊನೆಯ ದಾರಿ ಗಿಟಾರಿಗೆ ಭಾರವಾಗುತ್ತದೆ, ಅಭಿಮಾನಿಗಳ ಕಿವಿಗೂ ತಟ್ಟುತ್ತದೆ. ರಾಕ್ ರಿಫ್‌ಗಳಲ್ಲಿ ಬಹಳಷ್ಟು ಬೆರಳಿಡದ ತಂತಿಯ ಮೊಳಗಿನ ಮೇಲೆ ನಿಂತಿವೆ. ಎರಡು ಅರ್ಧಸ್ವರ ಕೆಳಗೆ ಹಾಡಬೇಕೆಂದರೆ ಆ ಮೊಳಗು ಉಳಿಯಲು ಗಿಟಾರನ್ನೇ ಇಳಿಸಬೇಕು. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದು ಅರ್ಧಸ್ವರಕ್ಕೆ ಬಿಗಿ ಶೇ. 11ರಷ್ಟು, ಎರಡಕ್ಕೆ ಶೇ. 21ರಷ್ಟು ಕಡಿಮೆಯಾಗುತ್ತದೆ. ತಂತಿ ಜೋಲಾಗಿ, ಜೋರಾಗಿ ಹೊಡೆದ ಕ್ಷಣ ಸ್ವರ ಸ್ವಲ್ಪ ಮೇಲಕ್ಕೆ ಹೋಗಿ ಕೆಳಗಿಳಿಯುತ್ತದೆ. ಫ್ರೆಟ್ಟಿಗೆ ತಾಗಿ ಗುರ್ ಎನ್ನುತ್ತದೆ. 9–42 ಅಳತೆಯ ತೆಳು ತಂತಿ ಹಾಕುತ್ತಿದ್ದವರು ಇನ್ನೂ ದಪ್ಪದ 10–46 ಅಥವಾ 11–49ಕ್ಕೆ ಹೋಗಬೇಕು, ಗಿಟಾರಿನ ಕುತ್ತಿಗೆಯೊಳಗಿನ ಕಂಬಿಯನ್ನೂ ಸ್ವರದ ನಿಖರತೆಯನ್ನೂ ಮತ್ತೆ ಹೊಂದಿಸಬೇಕು. ದಪ್ಪ ತಂತಿಯ ಸದ್ದು ಮಂದ್ರದಲ್ಲಿ ತೂಕವಾಗಿ, ಮೇಲೆ ಮಿಂಚು ಕಡಿಮೆಯಾಗಿ ಕೇಳುತ್ತದೆ. ‘ಗಿಟಾರಿನಲ್ಲಿ ಆ ಹರಿತ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಗಾಯಕರ ಗಂಟಲಿನ ಅನುಕೂಲವಿರುತ್ತದೆ.

ಸ್ಟುಡಿಯೋದಲ್ಲಿ ಇನ್ನೊಂದು ದಾರಿಯಿದೆ. ಒಂದೇ ಸಾಲನ್ನು ಹತ್ತಾರು ಸಲ ಹಾಡಿಸಿ, ಒಳ್ಳೆಯ ಪದಗಳನ್ನು ಆಯ್ದು ಜೋಡಿಸುವುದು. 1997ರಲ್ಲಿ ಬಂದ ಆಟೋ-ಟ್ಯೂನ್‌ನಂಥ ತಂತ್ರಾಂಶದಿಂದ ಸ್ವರ ನೇರ ಮಾಡುವುದು. ಅದರ ಮೇಲೆ ಅದೇ ಸಾಲಿನ ಎರಡನೇ ಪ್ರತಿ ಹಾಕಿ ದಪ್ಪ ಮಾಡುವುದು. ಮಿತವಾಗಿ ಮಾಡಿದರೆ ತಪ್ಪಿಲ್ಲ. ಕೆಡುವುದು ಎಲ್ಲಿ ಎಂದರೆ, ರಾಕ್ ಗಾಯಕರು ಸ್ವರವನ್ನು ನೇರವಾಗಿ ಮುಟ್ಟುವುದಿಲ್ಲ. ಕೆಳಗಿನಿಂದ ಜಾರಿ ಹತ್ತುತ್ತಾರೆ. ಆ ಜಾರುವಿಕೆಯಲ್ಲೇ ಅವರ ಗುರುತಿದೆ. ತಿದ್ದುವ ವೇಗ ಹೆಚ್ಚಾದರೆ ತಂತ್ರಾಂಶ ಆ ಜಾರನ್ನು ತಪ್ಪೆಂದು ತಿಳಿದು ಅಳಿಸುತ್ತದೆ. ಸ್ವರ ಶುದ್ಧವಾಗುತ್ತದೆ, ಮನುಷ್ಯ ಕಾಣೆಯಾಗುತ್ತಾರೆ. ಮುಪ್ಪಿನ ದನಿಯನ್ನು ಹಾಗೇ ಬಿಟ್ಟ ಆಲ್ಬಮ್ಮಿಗೆ ಅಭಿಮಾನಿಗಳು ಕ್ಷಮೆ ತೋರುತ್ತಾರೆ, ಮುಪ್ಪನ್ನು ಒರೆಸಿ ತೆಗೆದದ್ದಕ್ಕೆ ತೋರುವುದಿಲ್ಲ. ಈ ವಿಷಯದಲ್ಲಿ ನಾನು ಅಭಿಮಾನಿಗಳ ಪಕ್ಷ.

ದಿ ಕ್ಯೂರ್‌ಗೆ ಈ ಕಷ್ಟ ಬರಲಿಲ್ಲ. ಆಗ 65ರ ಗಾಯಕ ರಾಬರ್ಟ್ ಸ್ಮಿತ್ ಅವರ ದನಿಗೆ ಅಷ್ಟೇನೂ ಮುಪ್ಪು ತಟ್ಟಿಲ್ಲ ಎಂಬುದರ ಬಗ್ಗೆ ಬಹುತೇಕ ಒಮ್ಮತವಿತ್ತು. ಅಲ್ಲಿ ತಕರಾರು ಬಂದದ್ದು ಹಾಡುಗಳ ನಡಿಗೆಯ ಬಗ್ಗೆ. ಮೊದಲ ಹಾಡು ‘ಅಲೋನ್’ನಲ್ಲಿ ಗಾಯನ ಶುರುವಾಗುವುದೇ ಮೂರು ನಿಮಿಷ ದಾಟಿದ ಮೇಲೆ. ಬ್ಯಾಂಡಿನ 1989ರ ಆಲ್ಬಂ ‘ಡಿಸ್‌ಇಂಟಿಗ್ರೇಶನ್’ ಹಿಡಿಸಿದವರಿಗೆ ಅದು ಮನೆಗೆ ಮರಳಿದಂತೆ. ಅವರ ಚುಟುಕು ಪಾಪ್ ಹಾಡುಗಳನ್ನು ಪ್ರೀತಿಸಿದವರಿಗೆ ಎಂಟು ಹಾಡುಗಳೂ ಒಂದೇ ಮೋಡದಡಿ ಇರುವಂತೆ.

ಯಾರು ನುಡಿಸಿದರು, ಯಾರು ಕೂರಿಸಿದರು

ಬ್ಲ್ಯಾಕ್ ಸಬಾತ್ 2013ರ ಜೂನ್‌ನಲ್ಲಿ ‘13’ ತಂದಾಗ ಗಾಯಕ ಆಜ್ಜಿ ಆಸ್ಬರ್ನ್ ಅವರೊಂದಿಗಿನ ಪೂರ್ಣ ಸ್ಟುಡಿಯೋ ಆಲ್ಬಂ ಬಂದು 35 ವರ್ಷವಾಗಿತ್ತು. ಗಿಟಾರಿಗೆ ಟೋನಿ ಅಯೋಮಿ ಇದ್ದರು, ಬೇಸ್‌ಗೆ ಗೀಜರ್ ಬಟ್ಲರ್ ಇದ್ದರು. ಕರಾರಿನ ವಿಚಾರದಲ್ಲಿ ಹೊಂದಾಣಿಕೆಯಾಗದೆ ಡ್ರಮ್ಮರ್ ಬಿಲ್ ವಾರ್ಡ್ ಹೊರಗುಳಿದರು. ರೇಜ್ ಅಗೇನ್‌ಸ್ಟ್ ದ ಮಷೀನ್‌ನ ಬ್ರ್ಯಾಡ್ ವಿಲ್ಕ್ ನುಡಿಸಿದರು. ಆಲ್ಬಂ ಅಮೆರಿಕದಲ್ಲಿ ಆ ಬ್ಯಾಂಡಿಗೆ ಮೊದಲ ಬಾರಿ ಒಂದನೇ ಸ್ಥಾನ ತಂದಿತು, ಬ್ರಿಟನ್ನಿನಲ್ಲಿ 1970ರ ‘ಪ್ಯಾರನಾಯ್ಡ್’ ನಂತರ ಮೊದಲ ಬಾರಿ. ಆದರೂ ‘ಮುಕ್ಕಾಲು ಸಬಾತ್’ ಎಂಬ ಕೊರಗು ಹೋಗಲಿಲ್ಲ.

ಅದು ಬರೀ ಭಾವುಕತೆಯಲ್ಲ. ವಾರ್ಡ್ ಜಾಝ್ ಡ್ರಮ್ಮರ್‌ಗಳನ್ನು ಕೇಳಿ ಬೆಳೆದವರು. ಅವರ ಬಡಿತ ರಿಫ್ಫಿನ ಜೊತೆ ಕೂಡಿ ಬೀಳುವುದಿಲ್ಲ. ಒಂಚೂರು ಹಿಂದೆ ತೂಗಿ, ಗಿಟಾರಿಗೆ ಉತ್ತರ ಕೊಡುವಂತೆ ಬರುತ್ತದೆ. 1970ರ ಮೊದಲ ಆಲ್ಬಮ್ಮನ್ನು ಬ್ಯಾಂಡು ಧ್ವನಿಮುದ್ರಿಸಿದ್ದು 1969ರ ಅಕ್ಟೋಬರಿನ ಒಂದೇ ದಿನದಲ್ಲಿ, ಒಟ್ಟಿಗೆ ನಿಂತು ನುಡಿಸಿ. ಹಾಗೆ ನುಡಿಸಿದಾಗ ಲಯ ಉಸಿರಾಡುತ್ತದೆ: ಪಲ್ಲವಿಗೆ ಬರುವಾಗ ಒಂದೆರಡು ಬಡಿತ ವೇಗ ಏರುತ್ತದೆ, ಭಾರದ ರಿಫ್ಫಿಗೆ ಇಳಿಯುತ್ತದೆ. ಇಂದು ಸಾಮಾನ್ಯವಾಗಿ ಕಿವಿಯಲ್ಲಿ ಕ್ಲಿಕ್ (ಯಂತ್ರ ಹಾಕುವ ತಾಳದ ಸದ್ದು) ಇಟ್ಟುಕೊಂಡು ನುಡಿಸುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಪೆಟ್ಟನ್ನೂ ತಾಳದ ಗೆರೆಗೆ ಕೂರಿಸುತ್ತಾರೆ, ಬೇಕಾದರೆ ಸ್ನೇರಿನ ಪ್ರತಿ ಪೆಟ್ಟಿನ ಜಾಗಕ್ಕೂ ಮೊದಲೇ ಹಿಡಿದಿಟ್ಟ ಒಂದೇ ಸದ್ದನ್ನು ಹಾಕುತ್ತಾರೆ. ವೇಗದ ಮೆಟಲ್‌ಗೆ ಇದು ಒಗ್ಗುತ್ತದೆ. ತೂಗಾಟವೇ ಜೀವಾಳವಾದ 1970ರ ದಶಕದ ಬ್ಯಾಂಡಿಗೆ ಹೀಗೆ ಮಾಡಿದರೆ ಮೂಳೆ ಸರಿಯಾಗಿ, ನಡಿಗೆ ಹೋಗುತ್ತದೆ.

ಸ್ಟೋನ್ಸ್ ವಿಷಯದಲ್ಲೂ ಇದೇ ನೋವು. ಡ್ರಮ್ಮರ್ ಚಾರ್ಲಿ ವಾಟ್ಸ್ 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. ‘ಹ್ಯಾಕ್ನಿ ಡೈಮಂಡ್ಸ್’ನ ಎರಡು ಹಾಡುಗಳಲ್ಲಿ ಮಾತ್ರ ಅವರು ನುಡಿಸಿದ್ದಾರೆ, ಒಂದರಲ್ಲಿ ಹಳೆಯ ಬೇಸ್ ವಾದಕ ಬಿಲ್ ವೈಮನ್ ಕೂಡ ಇದ್ದಾರೆ. ಉಳಿದವುಗಳಲ್ಲಿ ಬಹುತೇಕ ಎಲ್ಲದರ ಡ್ರಮ್ಸ್ ಸ್ಟೀವ್ ಜೋರ್ಡನ್ ಅವರದು. ನಿರ್ಮಾಪಕ ಆಂಡ್ರೂ ವಾಟ್ ಹುಟ್ಟಿದ್ದು 1990ರಲ್ಲಿ. ಆಜ್ಜಿಯ 2020ರ ಆಲ್ಬಂ, ಇಗ್ಗಿ ಪಾಪ್ ಅವರ 2023ರ ಆಲ್ಬಂ, ಪರ್ಲ್ ಜ್ಯಾಮ್‌ನ 2024ರ ಆಲ್ಬಂ ಮೂರರಲ್ಲೂ ಅವರದೇ ಕೈ. ಹಿರಿಯರನ್ನು ಎಬ್ಬಿಸಿ ಕೆಲಸ ಮುಗಿಸುವ ಅವರ ಶಕ್ತಿ ದೊಡ್ಡದು. ಅವರಿಲ್ಲದಿದ್ದರೆ ಇವುಗಳಲ್ಲಿ ಕೆಲವು ಬರುತ್ತಿದ್ದವೋ ಇಲ್ಲವೋ. ಆದರೆ ಒಂದೇ ಕೈಯ ಅಡುಗೆಗೆ ಒಂದೇ ರುಚಿ. ಬೇರೆಬೇರೆ ಬ್ಯಾಂಡುಗಳ ಅಭಿಮಾನಿಗಳು ‘ಹೊಳಪು ಜಾಸ್ತಿ’ ಎಂಬ ಒಂದೇ ಮಾತಾಡುತ್ತಿದ್ದರೆ ದೂರು ಬ್ಯಾಂಡಿನದ್ದಲ್ಲ, ಆ ಹೊಳಪಿನದ್ದು ಎಂದು ತಿಳಿಯಬೇಕು.

ಮಿಕ್ಸಿಂಗ್ ಎಷ್ಟು ದೊಡ್ಡ ಪಾತ್ರ ವಹಿಸುತ್ತದೆ ಎಂಬುದಕ್ಕೆ ಗೇಬ್ರಿಯಲ್ ಅವರ ‘ಐ/ಓ’ಗಿಂತ ಒಳ್ಳೆಯ ಪಾಠವಿಲ್ಲ. ಅವೇ ಹನ್ನೆರಡು ಹಾಡು, ಅದೇ ಗಾಯನ, ಅವೇ ವಾದ್ಯಗಳು. ಒಂದು ಮಿಕ್ಸ್ ಮಾರ್ಕ್ ‘ಸ್ಪೈಕ್’ ಸ್ಟೆಂಟ್ ಅವರದು, ಹೆಸರು ಬ್ರೈಟ್-ಸೈಡ್; ಇನ್ನೊಂದು ಚ್ಯಾಡ್ ಬ್ಲೇಕ್ ಅವರದು, ಡಾರ್ಕ್-ಸೈಡ್. 2023ರ ಪ್ರತಿ ಹುಣ್ಣಿಮೆಗೆ ಒಂದು ಹಾಡು ಬರುತ್ತಿತ್ತು, ಅಮಾವಾಸ್ಯೆಗೆ ಅದರ ಇನ್ನೊಂದು ಮಿಕ್ಸ್. ಸ್ಟೆಂಟ್ ಹಾಡನ್ನು ಮುಂದೆ ತಂದು ತೆರೆದಿಡುತ್ತಾರೆ. ಬ್ಲೇಕ್ ಅವರಲ್ಲಿ ಡ್ರಮ್ಸಿಗೆ ಒರಟುತನ ಹೆಚ್ಚು, ಸುತ್ತ ನೆರಳು ಹೆಚ್ಚು. ಒಂದನ್ನು ‘ಸಪ್ಪೆ’ ಎಂದ ಅಭಿಮಾನಿಗಳೇ ಇನ್ನೊಂದನ್ನು ಮೆಚ್ಚಿದರು. ಹಾಡು ಬದಲಾಗದೆ ತೀರ್ಪು ಬದಲಾಯಿತು.

ಬಾಬ್ ಡಿಲನ್ ಅವರ 1997ರ ‘ಟೈಮ್ ಔಟ್ ಆಫ್ ಮೈಂಡ್’ ಕಥೆಯೂ ಇದೇ. ಸ್ವಂತ ಹೊಸ ಹಾಡುಗಳೊಂದಿಗೆ ಏಳು ವರ್ಷಗಳ ಮೇಲೆ ಬಂದ ಆಲ್ಬಂ. ವರ್ಷದ ಆಲ್ಬಂ ಎಂಬ ಗ್ರ್ಯಾಮಿಯೂ ಬಂತು. ಆದರೆ ನಿರ್ಮಾಪಕ ಡೇನಿಯಲ್ ಲಾನ್ವಾ ದನಿಯ ಸುತ್ತ ಕವಿಸಿದ ಮಂಜಿನ ಬಗ್ಗೆ ಡಿಲನ್‌ಗೇ ಸಮಾಧಾನವಿರಲಿಲ್ಲ. 2023ರ ಜನವರಿಯಲ್ಲಿ ಮೈಕಲ್ ಬ್ರೌಯರ್ ಮಾಡಿದ ಹೊಸ ಮಿಕ್ಸ್ ಬಂದಾಗ ಮಂಜು ಸರಿದು ದನಿ ಹತ್ತಿರ ಬಂತು. ಇಪ್ಪತ್ತೈದು ವರ್ಷ ಆ ಮಂಜಿನೊಳಗೇ ಹಾಡನ್ನು ಪ್ರೀತಿಸಿದವರಿಗೆ ಅದೂ ನಷ್ಟವೇ ಅನಿಸಿತು. ಅವರನ್ನು ಹಟಮಾರಿಗಳೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಮೊದಲ ಹಾಡು, ಮೊದಲ ವಾರ

ಅಭಿಪ್ರಾಯ ಗಟ್ಟಿಯಾಗುವುದು ಆಲ್ಬಂ ಬರುವ ಮೊದಲೇ. ಡೇವಿಡ್ ಬೋವಿ ಹತ್ತು ವರ್ಷಗಳ ಬಳಿಕ, ತಮ್ಮ 66ನೇ ಹುಟ್ಟುಹಬ್ಬವಾದ 2013ರ ಜನವರಿ 8ರಂದು ಯಾವ ಸುಳಿವೂ ಕೊಡದೆ ‘ವೇರ್ ಆರ್ ವಿ ನೌ?’ ಬಿಟ್ಟರು. ನಿಧಾನದ, ನಡುಗುವ ದನಿಯ ಹಾಡು. ಇಡೀ ಆಲ್ಬಂ ಇಳಿವಯಸ್ಸಿನ ನೆನಪುಗಳದ್ದೆಂದು ಅನೇಕರು ತೀರ್ಮಾನಿಸಿದರು. ಮಾರ್ಚಿನಲ್ಲಿ ‘ದ ನೆಕ್ಸ್ಟ್ ಡೇ’ ಬಂದಾಗ ಶೀರ್ಷಿಕೆ ಹಾಡೇ ಬಿರುಸಾಗಿತ್ತು. ಮೊದಲು ಹೊರಬಿಡುವ ಹಾಡು ಆಲ್ಬಮ್ಮಿನ ಮಾದರಿಯಾಗಿರಬೇಕೆಂದೇನೂ ಇಲ್ಲ. ಬೋವಿಯವರಲ್ಲಿ ಅದು ಬೇಕೆಂದೇ ತೋರಿದ ಬೇರೆ ಮುಖ.

ದಿ ಕ್ಯೂರ್ ಮತ್ತೊಂದು ದಾರಿ ಹಿಡಿದರು. ಹಲವು ಹೊಸ ಹಾಡುಗಳನ್ನು 2022ರಿಂದಲೇ ವೇದಿಕೆಯಲ್ಲಿ ನುಡಿಸಿದ್ದರು. ಪರಿಚಯದಿಂದಲೇ ಇಷ್ಟ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಇಲ್ಲಿ ಅದು ಕೆಲಸ ಮಾಡಿತು ಎಂದೇ ಹೇಳಬಹುದು. ಹಳೆಯ ಹಾಡನ್ನು ಸಾವಿರ ಸಲ ಕೇಳಿದ ಕಿವಿ ಹೊಸದನ್ನು ಒಂದು ಸಲ ಕೇಳಿ ಹೋಲಿಸುವುದು ಸಮ ತೂಕವಲ್ಲ. ಆದರೆ ಇದಕ್ಕೆ ಅಡ್ಡಪರಿಣಾಮವೂ ಇದೆ: ವೇದಿಕೆಯ ಮುದ್ರಣಕ್ಕೆ ಮನಸೋತವರಿಗೆ ಸ್ಟುಡಿಯೋ ಪ್ರತಿ ಪೇಲವವಾಗಿ ಕಾಣುತ್ತದೆ.

‘ಮೊದಲ ವಾರವೇ ನಂಬರ್ ಒನ್ ಆಯಿತಲ್ಲ, ಮತ್ತೇನು ತಕರಾರು?’ ಎಂಬ ವಾದ ಹೆಚ್ಚು ದೂರ ಹೋಗುವುದಿಲ್ಲ. ಮುಂಗಡವಾಗಿ ಕಾದಿರಿಸಿದ ಪ್ರತಿಗಳೆಲ್ಲ ಬಿಡುಗಡೆಯ ವಾರದ ಲೆಕ್ಕಕ್ಕೇ ಬರುತ್ತವೆ, ಅಂದರೆ ಹಾಡು ಕೇಳುವ ಮೊದಲೇ ಕೊಂಡವರ ಲೆಕ್ಕ. ‘ಹ್ಯಾಕ್ನಿ ಡೈಮಂಡ್ಸ್’ನ ವಿನೈಲ್ (ಗ್ರಾಮಫೋನ್ ತಟ್ಟೆ) ಅಮೆರಿಕದ ಬೇಸ್‌ಬಾಲ್ ಲೀಗಿನ ತಂಡಗಳ ಗುರುತಿನೊಂದಿಗೂ ಬಂದಿತ್ತು, ಒಬ್ಬರೇ ಎರಡು ಮೂರು ಬಗೆ ಕೊಳ್ಳುವುದು ಸಾಮಾನ್ಯ. ಆ ಸಂಖ್ಯೆ ಅಳೆಯುವುದು ಪ್ರೀತಿಯನ್ನು, ಹೊಸ ಹಾಡುಗಳ ಬಗೆಗಿನ ತೀರ್ಪನ್ನಲ್ಲ. ತೀರ್ಪು ಬೇಕಿದ್ದರೆ ಎರಡು ವರ್ಷದ ನಂತರದ ಪ್ರವಾಸದ ಹಾಡುಪಟ್ಟಿಯಲ್ಲಿ ಈ ಆಲ್ಬಮ್ಮಿನ ಎಷ್ಟು ಹಾಡು ಉಳಿದಿವೆ ನೋಡಬೇಕು.

ನಿಮ್ಮ ಕಿವಿಯಲ್ಲೇ ಪರೀಕ್ಷೆ

ಸಿಟ್ಟು ಅಥವಾ ಸಂಭ್ರಮ ಯಾವ ಪದರದ್ದೆಂದು ತಿಳಿಯಲು ಒಂದು ಗಂಟೆ ಸಾಕು. ಅದೇ ಬ್ಯಾಂಡಿನ ಹಳೆಯ ಆಲ್ಬಮ್ಮಿನ ಮೊದಲ ಸಿ.ಡಿ. ಆವೃತ್ತಿ ತೆಗೆದುಕೊಳ್ಳಿ. ‘ರೀಮಾಸ್ಟರ್ಡ್’ ಎಂದಿರುವುದು ಬೇಡ, ಅದೂ ಹಿಂಡಿದ್ದಿರಬಹುದು. ಹಳೆಯದರಿಂದ ಒಂದು ಜೋರಾದ ಪಲ್ಲವಿ, ಹೊಸದರಿಂದ ಒಂದು, ತಲಾ ಮೂವತ್ತು ಸೆಕೆಂಡ್. ಎರಡರ ಜೋರೂ ಒಂದೇ ಎನಿಸುವವರೆಗೆ ಹೊಸದರ ವಾಲ್ಯೂಮ್ ಇಳಿಸಿ. ಈ ಹಂತ ತಪ್ಪಿಸಬೇಡಿ. ಒಂದೇ ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನು ‘ಚೆನ್ನಾಗಿದೆ’ ಎಂದು ಓದುತ್ತದೆ. ಮೊದಲ ಸುತ್ತಿನಲ್ಲಿ ಸ್ನೇರ್ ಮಾತ್ರ ಆಲಿಸಿ: ಕೋಲು ಬಿದ್ದದ್ದು ಕೇಳುತ್ತದೆಯೇ, ಬರೀ ಗದ್ದಲವೇ? ಎರಡನೇ ಸುತ್ತಿನಲ್ಲಿ ಸಾಲಿನ ಕೊನೆಯ ಪದ: ಸ್ವರ ತನ್ನಷ್ಟಕ್ಕೆ ನಂದುತ್ತದೆಯೇ, ಗೆರೆ ಎಳೆದಂತೆ ನಿಂತು ಕತ್ತರಿಸಿಹೋಗುತ್ತದೆಯೇ? ಮೂರನೆಯದರಲ್ಲಿ ಮೊದಲ ಪಲ್ಲವಿಯ ಜೊತೆ ಕಾಲಲ್ಲಿ ತಾಳ ಹಾಕಿ, ಅದೇ ವೇಗವನ್ನು ಕೊನೆಯ ಪಲ್ಲವಿಗೆ ಹೋಲಿಸಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅದು ಕ್ಲಿಕ್ಕಿಗೆ ಕಟ್ಟಿದ ಲಯ.

ಕಣ್ಣಿಂದಲೂ ನೋಡಬೇಕೆನಿಸಿದರೆ ಸಿ.ಡಿ.ಯ ಹಾಡನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು, ವ್ಯೂ ಮೆನುವಿನ ಶೋ ಕ್ಲಿಪ್ಪಿಂಗ್ ಆಯ್ಕೆ ಹಚ್ಚಿ. ಕೆಂಪು ಗೆರೆಗಳು ಒತ್ತೊತ್ತಾಗಿ ಬಿದ್ದರೆ ತುದಿಗಳು ತಾರಸಿಗೆ ತಾಗಿವೆ ಎಂದರ್ಥ. ಎಂಪಿ3 ಕಡತದಲ್ಲಿ ಈ ಪರೀಕ್ಷೆ ಬೇಡ. ಅದನ್ನು ಬಿಚ್ಚುವಾಗ ಮೂಲದಲ್ಲಿಲ್ಲದ ತುದಿಗಳು ಏಳಬಹುದು. ‘ವಿನೈಲ್‌ನ ಡಿಆರ್ ಹೆಚ್ಚಿದೆ, ಹಾಗಾಗಿ ಅದರ ಮಾಸ್ಟರಿಂಗೇ ಬೇರೆ’ ಎಂಬ ವಾದವನ್ನೂ ಒಡನೆ ಒಪ್ಪಬೇಡಿ. ಅದೇ ಹಿಂಡಿದ ಧ್ವನಿಯನ್ನು ತಟ್ಟೆಗೆ ಕೊರೆದು ಮುಳ್ಳಿನಿಂದ ಓದಿಸಿದಾಗ ಅಲೆಯ ಆಕಾರ ಬದಲಾಗಿ ಮೀಟರ್ ಮೂರು ನಾಲ್ಕು ಅಂಕಿ ಹೆಚ್ಚು ತೋರಿಸಬಲ್ಲದು. ಕೇಳುವಿಕೆಯಲ್ಲಿ ಅಷ್ಟು ಸುಧಾರಣೆ ಇರುವುದಿಲ್ಲ. ಬೇರೆ ಮಾಸ್ಟರ್ ಇದೆಯೇ ಎಂದು ಹೊದಿಕೆಯ ಮೇಲಿನ ಹೆಸರುಗಳಲ್ಲಿ ಹುಡುಕುವುದು ಹೆಚ್ಚು ನಂಬಿಕೆಯ ದಾರಿ.

ದೂರು ಬರೆಯುವುದಿದ್ದರೂ ಇದೇ ನಿಖರತೆ ಬೇಕು: ಯಾವ ಹಾಡು, ಎಷ್ಟನೇ ನಿಮಿಷ, ಸಿ.ಡಿ.ಯೋ ಸ್ಟ್ರೀಮಿಂಗೋ, ಯಾವ ಮಿಕ್ಸ್. 2008ರಲ್ಲಿ ಮೆಟಾಲಿಕಾ ಹೊಸ ಮಿಕ್ಸ್ ಕೊಡಲಿಲ್ಲ, ಧ್ವನಿಯಲ್ಲಿ ದೋಷವಿದೆ ಎಂದು ಒಪ್ಪಲೂ ಇಲ್ಲ. ಆದರೂ ಆ ಮನವಿಯನ್ನು ‘ಹಳೇ ಅಭಿಮಾನಿಗಳ ಗೊಣಗಾಟ’ ಎಂದು ತಳ್ಳಿಹಾಕಲು ಯಾರಿಗೂ ಆಗಲಿಲ್ಲ, ಯಾಕೆಂದರೆ ಅವರ ಕೈಯಲ್ಲಿ ಒಂದೇ ಹಾಡಿನ ಎರಡು ಪ್ರತಿಗಳಿದ್ದವು. ಯಾರು ಬೇಕಾದರೂ ಪಕ್ಕಪಕ್ಕದಲ್ಲಿಟ್ಟು ಕೇಳಬಹುದಿತ್ತು.